‘ಸ್ಟೈಪೆಂಡ್ ಎಷ್ಟು ಸರ್?’: ಇಂಟರ್ನ್‌ಗಳಿಗೆ ಹದಿಮೂರು ಸೂತ್ರ

ಅಕ್ಕನ ಮಗ ವಿಜಯನಗರದ ದರ್ಶಿನಿಯೊಂದರಲ್ಲಿ ನಿಂತು ತಿನ್ನುವ ಟೇಬಲ್ ಮೇಲೆ ಮೊಬೈಲ್ ಇಟ್ಟು, ‘ಮಾಮ, ಇಂಟರ್ನ್‌ಶಿಪ್ ಸಿಕ್ತು’ ಅಂದ. ಬೈಟು ಕಾಫಿ ಇನ್ನೂ ಬಂದಿರಲಿಲ್ಲ. ವಾಟ್ಸ್‌ಆಪ್‌ನಲ್ಲಿ ಎರಡು ಪುಟದ ಪಿಡಿಎಫ್. ಮೊದಲ ಪುಟದ ತುಂಬ ಅಭಿನಂದನೆ. ಎರಡನೇ ಪುಟದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಟ್ರೇನಿಂಗ್ ಕಿಟ್ ಶುಲ್ಕ 4,999 ರೂಪಾಯಿ, ವಾಪಸ್ ಇಲ್ಲ’.

‘ಸ್ಟೈಪೆಂಡ್ ಎಷ್ಟೋ?’

‘ಕೇಳಲಿಲ್ಲ ಮಾಮ. ಮೊದಲೇ ದುಡ್ಡಿನ ಮಾತಾಡಿದ್ರೆ ಏನಂದ್ಕೋತಾರೋ ಅಂತ.’

ಅವರು ದುಡ್ಡು ಕೇಳಿದ್ದರು. ಇವನು ಕೇಳಿರಲಿಲ್ಲ.

ಇಂಟರ್ನ್‌ಶಿಪ್‌ನಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವವರಿಗೆ ಬರವಿಲ್ಲ. ನಗುನಗುತ್ತಾ ಇರಿ, ಎಲ್ಲರಿಗಿಂತ ಮೊದಲು ಬನ್ನಿ, ಎಲ್ಲರಿಗಿಂತ ಕೊನೆಗೆ ಹೊರಡಿ ಅನ್ನುತ್ತಾರೆ. ಕೊನೆಗೆ ಹೊರಟರೆ ಕೆಂಗೇರಿಯ ಕಡೇ ಬಸ್ಸು ತಪ್ಪುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಪತ್ರಿಕೆಗೆ ಕಾರ್ಮಿಕ ಇಲಾಖೆಯ ಸುದ್ದಿ ಬರೆಯುತ್ತಲೇ ಕೂದಲು ನೆರೆಸಿಕೊಂಡವನು ನಾನು. ನನ್ನ ಸೂತ್ರಗಳು ಹೆಚ್ಚಿನಂಶ ಕಾಗದದ ಬಗ್ಗೆಯೇ ಇವೆ. ಯಾಕೆಂದು ಮೊದಲನೆಯದರಲ್ಲೇ ಹೇಳಿಬಿಡುತ್ತೇನೆ.

1. ಕಾನೂನಿನ ಕಣ್ಣಿಗೆ ನೀವು ಯಾರು, ಪತ್ತೆ ಮಾಡಿ

ನಮ್ಮ ಕಾರ್ಮಿಕ ಕಾಯ್ದೆಗಳನ್ನು ಎಷ್ಟು ತಿರುವಿ ಹಾಕಿದರೂ ‘ಇಂಟರ್ನ್’ ಎಂಬುದಕ್ಕೆ ವ್ಯಾಖ್ಯೆ ಸಿಗುವುದಿಲ್ಲ. ಅಲ್ಲಿರುವುದು ನೌಕರ, ಕಾರ್ಮಿಕ, ಅಪ್ರೆಂಟಿಸ್. 2025ರ ನವೆಂಬರ್ 21ರಂದು 29 ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಹೊಸ ಸಂಹಿತೆಗಳು ಬಂದವು. ಇಂಟರ್ನ್‌ಗೆ ಅಲ್ಲೂ ಪ್ರತ್ಯೇಕ ಕುರ್ಚಿ ಹಾಕಲಿಲ್ಲ. ಹೀಗಾಗಿ ನಿಮ್ಮ ಕೈಯಲ್ಲಿರುವ ಪತ್ರ ನಿಮ್ಮನ್ನು ಏನೆಂದು ಕರೆಯುತ್ತದೆ, ಯಾವ ಕಾಯ್ದೆಯ ಹೆಸರು ಹೇಳುತ್ತದೆ, ಇಷ್ಟರ ಮೇಲೆ ಬಹಳಷ್ಟು ನಿಂತಿದೆ.

ಒಂದು ಗುಂಪು, 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಾಯಿಸಿಕೊಂಡವರದು. ಎಚ್‌ಎಎಲ್, ಬಿಇಎಲ್, ಕೆಎಸ್‌ಆರ್‌ಟಿಸಿಗಳು ಕರೆಯುತ್ತವಲ್ಲ, ಆ ಬಗೆ. ಈ ಕಾಯ್ದೆಯ 18ನೇ ಕಲಂ ಇವರನ್ನು ಕಾರ್ಮಿಕರಲ್ಲ, ತರಬೇತಿ ಪಡೆಯುವವರು ಅನ್ನುತ್ತದೆ. ಆದರೆ ಸ್ಟೈಪೆಂಡ್, ರಜೆ, ಸುರಕ್ಷತೆ ಎಲ್ಲಕ್ಕೂ ಅದರಲ್ಲೇ ನಿಯಮವಿದೆ. ಎರಡನೆಯವರು ಕ್ರೆಡಿಟ್‌ಗಾಗಿ ಹೋಗುವ ಎಂಜಿನಿಯರಿಂಗ್, ಬಿ.ಕಾಂ, ಕಾನೂನು ವಿದ್ಯಾರ್ಥಿಗಳು. ಇವರ ಜವಾಬ್ದಾರಿಯಲ್ಲಿ ಕಾಲೇಜಿಗೂ ಪಾಲಿದೆ. ಮೂರನೆಯವರು ಸರ್ಕಾರಿ ಯೋಜನೆಯವರು. ನಾಲ್ಕನೆಯವರದೇ ದೊಡ್ಡ ದಂಡು: ಪದವಿ ಮುಗಿದಿದೆ, ಯಾವ ಕಾಯ್ದೆಯ ಹೆಸರೂ ಇಲ್ಲ, ಪತ್ರದಲ್ಲಿ ಬರೀ ‘ಇಂಟರ್ನ್’ ಎಂದಿದೆ, ಮಾಡುವುದು ಮಾತ್ರ ಪಕ್ಕದ ಕುರ್ಚಿಯವರು ಮಾಡುವ ಕೆಲಸವನ್ನೇ.

ಹೆಸರಿನ ತೂಕ ಎಷ್ಟೆಂದು ತಿಳಿಯಲು ಮೈಸೂರು ನೆನಪಿಸಿಕೊಳ್ಳಿ. 2025ರ ಫೆಬ್ರುವರಿಯಲ್ಲಿ ಅಲ್ಲಿನ ದೊಡ್ಡ ಐಟಿ ಕ್ಯಾಂಪಸ್‌ನಿಂದ, ಒಳಪರೀಕ್ಷೆ ಪಾಸಾಗಲಿಲ್ಲವೆಂದು 300ಕ್ಕೂ ಹೆಚ್ಚು ಟ್ರೇನಿಗಳನ್ನು ಮನೆಗೆ ಕಳಿಸಿದರು. ಐಟಿ ನೌಕರರ ಸಂಘಟನೆಗಳು ಕಾನೂನುಬಾಹಿರ ವಜಾ ಎಂದು ಕೂಗಿದವು, ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯದ ಕಾರ್ಮಿಕ ಇಲಾಖೆಗೆ ಬರೆಯಿತು. ಕೊನೆಗೆ ಇಡೀ ವಿವಾದ ಬಂದು ನಿಂತದ್ದು ಒಂದೇ ಪ್ರಶ್ನೆಗೆ: ಈ ಹುಡುಗರು ನೌಕರರೋ ಅಪ್ರೆಂಟಿಸ್‌ಗಳೋ? ಆ ಪ್ರಶ್ನೆಯನ್ನು ಹಾಸ್ಟೆಲ್ ಖಾಲಿ ಮಾಡುವ ದಿನ ಕೇಳಿಕೊಂಡು ಪ್ರಯೋಜನವಿಲ್ಲ, ಸೇರುವ ದಿನವೇ ಕೇಳಬೇಕು.

2. ದುಡ್ಡು ಕೊಟ್ಟು ಕೆಲಸಕ್ಕೆ ಹೋಗಬೇಡಿ

ರಿಜಿಸ್ಟ್ರೇಷನ್ ಫೀ, ಕಿಟ್ ಫೀ, ಸೆಕ್ಯುರಿಟಿ ಡೆಪಾಸಿಟ್, ‘ಪ್ರಾಜೆಕ್ಟ್ ಗೈಡೆನ್ಸ್’. ಯಾವ ಹೆಸರಿಟ್ಟರೂ ದುಡ್ಡು ನಿಮ್ಮ ಜೇಬಿನಿಂದ ಅವರ ಜೇಬಿಗೆ ಹೋಗುತ್ತಿದ್ದರೆ ಅದು ಕೋರ್ಸ್, ಇಂಟರ್ನ್‌ಶಿಪ್ ಅಲ್ಲ. ಕೋರ್ಸ್ ಬೇಕಿದ್ದರೆ ಕೋರ್ಸೆಂದೇ ತಿಳಿದು ಸೇರಿ, ತಪ್ಪೇನಿಲ್ಲ. ಸೆಮಿಸ್ಟರ್ ಹತ್ತಿರ ಬಂದಾಗ ಕಾಲೇಜಿನ ವಾಟ್ಸ್‌ಆಪ್ ಗುಂಪಿಗೆ ‘ನಾಲ್ಕು ವಾರ, ಮನೆಯಿಂದಲೇ, ಸರ್ಟಿಫಿಕೇಟ್ ಖಾತ್ರಿ’ ಎಂಬ ಪೋಸ್ಟರ್ ಬಂದು ಬೀಳುತ್ತದೆ. ಹಾಗೆ ಕೊಂಡ ಸರ್ಟಿಫಿಕೇಟ್ ವೈವಾದ ಮೂರನೇ ಪ್ರಶ್ನೆಗೆ ಬಾಯಿ ಕಟ್ಟುತ್ತದೆ. ದುಡ್ಡು ಕಟ್ಟಿದ ಮೇಲೆ ನಂಬರ್ ಸ್ವಿಚ್ ಆಫ್ ಆದರೆ ನಾಚಿಕೊಂಡು ಕೂರಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮೊದಲ ಗಂಟೆಯಲ್ಲೇ ಕರೆ ಮಾಡಿ.

3. ಕಾಗದ ಕೈಗೆ ಬರುವವರೆಗೆ ಕುರ್ಚಿಯಲ್ಲಿ ಕೂರಬೇಡಿ

ನನ್ನ ಮೊದಲ ತರಬೇತಿ ಬೆಂಗಳೂರಿನ ಸಣ್ಣ ವಾರಪತ್ರಿಕೆಯೊಂದರಲ್ಲಿ. ‘ನಾಳೆಯಿಂದ ಬಾ’ ಎಂದರು, ಹೋದೆ. ಮೊದಲ ತಿಂಗಳು ಚಂದಾದಾರರ ವಿಳಾಸ ಬರೆದೆ, ಎರಡನೇ ತಿಂಗಳು ಪ್ರೂಫ್ ತಿದ್ದಿದೆ, ಮೂರನೇ ತಿಂಗಳು ಎರಡು ಲೇಖನ ಬರೆದೆ. ಲೇಖನದ ಕೆಳಗೆ ‘ನಮ್ಮ ಪ್ರತಿನಿಧಿಯಿಂದ’ ಎಂದು ಅಚ್ಚಾಯಿತು. ದುಡ್ಡು ಕೇಳಿದಾಗ ಸಂಪಾದಕರು ನಿಜಕ್ಕೂ ಅಚ್ಚರಿಯಿಂದ, ‘ನಿನ್ನನ್ನ ಕೆಲಸಕ್ಕೆ ತಗೊಂಡಿದ್ಯಾರು?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಬಾ ಅಂದದ್ದು ಬರೀ ಬಾಯಿಮಾತು.

ಪತ್ರದಲ್ಲಿ ಇಷ್ಟಿರಲಿ: ಶುರು ಮತ್ತು ಮುಗಿಯುವ ತಾರೀಕು, ಕೆಲಸ ಏನು, ಯಾರ ಕೈಕೆಳಗೆ, ಎಷ್ಟು ಗಂಟೆ, ವಾರದ ರಜೆ, ಸ್ಟೈಪೆಂಡ್ ಎಷ್ಟು ಮತ್ತು ಯಾವ ತಾರೀಕಿಗೆ, ನಡುವೆ ಬಿಡಬೇಕಾದರೆ ಎಷ್ಟು ದಿನದ ನೋಟಿಸ್. ‘ಕಂಪನಿಯ ನೀತಿಯಂತೆ’ ಎಂಬ ಸಾಲು ಕಂಡರೆ ಆ ನೀತಿಯ ಪ್ರತಿ ಕೇಳಿ. ಪತ್ರ ಕೊಡಲು ಹಿಂದೇಟು ಹಾಕಿದರೆ ನೀವೇ ಒಂದು ಇಮೇಲ್ ಬರೆದುಬಿಡಿ: ‘ಇವತ್ತು ನೀವು ಹೇಳಿದಂತೆ ಸೋಮವಾರದಿಂದ ಮೂರು ತಿಂಗಳು, ತಿಂಗಳಿಗೆ ಇಷ್ಟು ರೂಪಾಯಿಗೆ ಬರುತ್ತಿದ್ದೇನೆ, ತಪ್ಪಿದ್ದರೆ ತಿಳಿಸಿ’. ಅವರು ‘ಓಕೆ’ ಎಂದು ಬರೆದರೂ ಸಾಕು, ಸುಮ್ಮನಿದ್ದರೂ ನಿಮ್ಮ ಕೈಯಲ್ಲಿ ಒಂದು ತಾರೀಕು ಉಳಿಯುತ್ತದೆ.

4. ಸ್ಟೈಪೆಂಡ್ ಕೇಳುವುದು ದುರಾಸೆಯಲ್ಲ

ಕೇಳುವ ಮೊದಲು ಅಂಕಿ ಗೊತ್ತಿರಲಿ. ಅಪ್ರೆಂಟಿಸ್ ನಿಯಮಗಳಿಗೆ 2019ರಲ್ಲಿ ತಿದ್ದುಪಡಿಯಾದಾಗ ತಿಂಗಳ ಕನಿಷ್ಠ ಸ್ಟೈಪೆಂಡ್ ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿವರೆಗೆ ನಿಗದಿಯಾಯಿತು. ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಎರಡನೇ ವರ್ಷಕ್ಕೆ ಏರಿಕೆಯೂ ಉಂಟು. ಇದನ್ನು 6,800ರಿಂದ 12,300ರವರೆಗೆ ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ನೀವು ಸೇರುವ ದಿನದ ದರವನ್ನು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ನಿಯಮದ ಪ್ರಕಾರ ಈ ದುಡ್ಡು ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಕೈಸೇರಬೇಕು, ಹಕ್ಕಿನ ಸಾಂದರ್ಭಿಕ ರಜೆ ಹಾಕಿದ್ದಕ್ಕೆ ಅದರಲ್ಲಿ ಕಡಿತ ಮಾಡುವಂತಿಲ್ಲ.

‘ನಮ್ಮದು ಪುಟ್ಟ ಕಂಪನಿ, ಅಷ್ಟೆಲ್ಲ ಆಗಲ್ಲ’ ಅನ್ನುವ ಮಾಲೀಕರು ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನ ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನ್ಯಾಟ್ಸ್ ಎಂಬ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯ ವಿಷಯ ಹೇಳಿ. ಪದವೀಧರ, ಡಿಪ್ಲೊಮಾ ಅಪ್ರೆಂಟಿಸ್‌ಗಳ ಕನಿಷ್ಠ ಸ್ಟೈಪೆಂಡ್‌ನಲ್ಲಿ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ದಕ್ಷಿಣದ ರಾಜ್ಯಗಳಿಗೆ ಇದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ, ಕೆಲಸವೆಲ್ಲ ಆನ್‌ಲೈನ್. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆಯೂ ಇದೆ. ಇದನ್ನು ಇಂಟರ್‌ವ್ಯೂನಲ್ಲಿ ಪಾಠದ ಹಾಗೆ ಒಪ್ಪಿಸಬೇಡಿ. ‘ನನ್ನನ್ನು ನ್ಯಾಟ್ಸ್‌ನಲ್ಲಿ ನೋಂದಾಯಿಸಬಹುದಾ ಸರ್, ಅರ್ಧ ಸರ್ಕಾರ ಕೊಡುತ್ತೆ’ ಎಂದರೆ ಕೇಳುವವರಿಗೆ ನೀವು ಲಾಭ ತಂದವರಾಗಿ ಕಾಣುತ್ತೀರಿ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ 21ರಿಂದ 24 ವರ್ಷದವರಿಗೆ, ಒಂದು ವರ್ಷ, ತಿಂಗಳಿಗೆ 5,000 ರೂಪಾಯಿ ಎಂದಿತ್ತು. ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದು, ಸೇರುವಾಗ ಒಮ್ಮೆ 6,000 ಬೇರೆ. ಹುಬ್ಬಳ್ಳಿಯಲ್ಲಿ ಮನೆಯಿದ್ದು ಹುಬ್ಬಳ್ಳಿಯಲ್ಲೇ ಸಿಕ್ಕಿದರೆ ಒಳ್ಳೆಯದೇ. ಬೆಂಗಳೂರಿನಲ್ಲಿ ಪಿ.ಜಿ. ಹಿಡಿದು ಅದರಲ್ಲೇ ಬದುಕುತ್ತೇನೆ ಅನ್ನುವವರು ಮೊದಲು ಪಿ.ಜಿ.ಯ ಬೋರ್ಡು ಓದಿಕೊಂಡು ಬರಲಿ. ಬಾಡಿಗೆ, ಊಟ, ಮೆಟ್ರೊ, ಬಸ್ ಪಾಸ್ ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೂಡಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹೆಣ್ಣುಮಕ್ಕಳ ಚೀಟಿಯಿಂದ ಒಂದು ಸಾಲನ್ನು ಅಳಿಸುತ್ತದೆ. ಉಳಿದದ್ದನ್ನು ಅಪ್ಪ ಕಳಿಸಬೇಕಾದರೆ, ಆ ಕಂಪನಿಯನ್ನು ಅಷ್ಟರಮಟ್ಟಿಗೆ ನಿಮ್ಮ ಅಪ್ಪ ಸಾಕುತ್ತಿದ್ದಾರೆ ಎಂದೇ ಲೆಕ್ಕ.

5. ‘ಇದರಿಂದ ಯಾರಿಗೆ ಲಾಭ?’ ಎಂದು ತಿಂಗಳಿಗೊಮ್ಮೆ ಕೇಳಿಕೊಳ್ಳಿ

‘ಬ್ಲ್ಯಾಕ್ ಸ್ವಾನ್’ ಸಿನಿಮಾದಲ್ಲಿ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳು ಅಮೆರಿಕದಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇಟ್ಟ ಅಳತೆಗೋಲು ಇದು: ಈ ಏರ್ಪಾಟಿನಲ್ಲಿ ಮುಖ್ಯ ಲಾಭ ಕಲಿಯುವವನಿಗೋ, ಕಲಿಸುವ ಕಂಪನಿಗೋ? ಆ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ, ಪ್ರಶ್ನೆ ಮಾತ್ರ ಇಲ್ಲಿಗೂ ಸಲ್ಲುತ್ತದೆ. ನಮ್ಮಲ್ಲಿ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. ದೆಹಲಿ ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ, 1982ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಈಗಿನ ವೇತನ ಸಂಹಿತೆ ನೌಕರ ಎಂಬ ಪದದಿಂದ ಹೊರಗಿಡುವುದು ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರನ್ನು. ಆ ಕಾಯ್ದೆಯಡಿ ನೋಂದಾಯಿಸದೆ, ನೌಕರರ ಕೆಲಸವನ್ನೇ ಮಾಡಿಸಿಕೊಂಡು, ‘ಇವನು ಬರೀ ಇಂಟರ್ನ್’ ಅನ್ನುವ ಕಂಪನಿಯ ಕಾಲ ಕೆಳಗಿನ ನೆಲ ಅಷ್ಟೇನೂ ಗಟ್ಟಿಯಿಲ್ಲ. ವಾದಿಸಲು ನಿಮಗೆ ಜಾಗವಿದೆ.

ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ನೀವು ನಾಳೆ ಬರದಿದ್ದರೆ ಆಫೀಸಿನ ಕೆಲಸ ನಿಲ್ಲುತ್ತದೆಯೆ? ನಿಲ್ಲುವುದಾದರೆ ನೀವು ಕಲಿಯುತ್ತಿಲ್ಲ, ದುಡಿಯುತ್ತಿದ್ದೀರಿ.

6. ದಿನಚರಿ ಬರೆಯಿರಿ, ಗಂಟೆ ಸಮೇತ

ಕಾಲೇಜು ಹೇಗೂ ಇಂಟರ್ನ್‌ಶಿಪ್ ಡೈರಿ ಕೇಳುತ್ತದೆ. ಕೊನೆಯ ವಾರ ಕೂತು ಮೂರು ಬಣ್ಣದ ಪೆನ್ನಿನಲ್ಲಿ ಕಥೆ ಕಟ್ಟುವುದು ಬೇಡ. ದಿನಾ ನಾಲ್ಕು ಸಾಲು ಸಾಕು: ಬಂದ ಹೊತ್ತು, ಹೊರಟ ಹೊತ್ತು, ಮಾಡಿದ ಕೆಲಸ, ಹೇಳಿದವರು ಯಾರು. ವೈವಾದಲ್ಲಿ ನೆರವಾಗುವ ಅದೇ ಪುಸ್ತಕ ಬೇಕಾದರೆ ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೂ ಮಾತಾಡುತ್ತದೆ.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿದೆ. ಅದರ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ. ಅಪ್ರೆಂಟಿಸ್ ಕಾಯ್ದೆ ಇನ್ನೂ ಬಿಗಿ. ಅಪ್ರೆಂಟಿಸ್‌ಶಿಪ್ ಸಲಹೆಗಾರ ಎಂಬ ಸರ್ಕಾರಿ ಅಧಿಕಾರಿಯ ಒಪ್ಪಿಗೆಯಿಲ್ಲದೆ ಅಪ್ರೆಂಟಿಸ್‌ಗೆ ಓವರ್‌ಟೈಮ್ ಹಾಕುವಂತೆಯೇ ಇಲ್ಲ. ಅದೂ ತರಬೇತಿಗೆ ಅಥವಾ ಸಾರ್ವಜನಿಕ ಹಿತಕ್ಕೆ ಬೇಕೆಂದು ಅವರಿಗೆ ಮನವರಿಕೆಯಾದರೆ ಮಾತ್ರ. ‘ಲಾಂಚ್ ಇದೆ, ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬ ಮಾತು ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ.

7. ಟಾರ್ಗೆಟ್ ಎಂದ ಕೂಡಲೇ ಕಿವಿ ನೆಟ್ಟಗಾಗಲಿ

‘ಮಾರ್ಕೆಟಿಂಗ್ ಇಂಟರ್ನ್’ ಎಂದು ಕರೆದು, ನೆಂಟರಿಷ್ಟರಿಗೆ ಪಾಲಿಸಿ ಮಾರಿಸಿ, ‘ಇಪ್ಪತ್ತು ಸೇಲ್ ಆದರೆ ಸ್ಟೈಪೆಂಡ್’ ಅನ್ನುವ ಕಸುಬು ಊರೂರಲ್ಲಿದೆ. ನೋಂದಾಯಿತ ಅಪ್ರೆಂಟಿಸ್‌ಗೆ ಇಷ್ಟು ಮಾಡಿದರೆ ಇಷ್ಟು ಎಂಬ ಲೆಕ್ಕದಲ್ಲಿ ದುಡ್ಡು ಕೊಡುವುದನ್ನು ಅಪ್ರೆಂಟಿಸ್ ಕಾಯ್ದೆಯ 13ನೇ ಕಲಮೇ ತಡೆಯುತ್ತದೆ. ಉಳಿದವರಿಗೆ ನನ್ನ ಸಲಹೆ: ನಿಮ್ಮ ಮೊಬೈಲಿನ ಕಾಂಟ್ಯಾಕ್ಟ್ ಲಿಸ್ಟ್ ಮೇಲೆ ಕಣ್ಣಿಟ್ಟವರು ನಿಮಗೆ ಏನನ್ನೂ ಕಲಿಸುವುದಿಲ್ಲ.

8. ಬಾಂಡ್‌ಗೆ ಹೆದರಲೂ ಬೇಡಿ, ಓದದೆ ಸಹಿಯನ್ನೂ ಹಾಕಬೇಡಿ

‘ಬಿಟ್ಟು ಹೋದರೆ ಎರಡು ಲಕ್ಷ’ ಎಂಬ ಸಾಲು ಆಫರ್ ಲೆಟರ್‌ಗಳಲ್ಲಿ ಉಪ್ಪಿನಷ್ಟೇ ಸಾಮಾನ್ಯ. ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಷರತ್ತಿಗೆ 1872ರ ಕರಾರು ಕಾಯ್ದೆಯ 27ನೇ ಕಲಂ ಅಡ್ಡ ನಿಲ್ಲುತ್ತದೆ, ಉದ್ಯೋಗ ಮಾಡದಂತೆ ತಡೆಯುವ ಕರಾರು ಅಸಿಂಧು. ಇಷ್ಟು ಕಾಲ ಇರುತ್ತೇನೆ, ಇಲ್ಲದಿದ್ದರೆ ಇಷ್ಟು ಕೊಡುತ್ತೇನೆ ಎಂಬುದು ಬೇರೆ ಮಾತು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲೇ ಬಿಟ್ಟುಹೋದ ಅಧಿಕಾರಿ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದಕ್ಕೂ ಮುನ್ನ ನಮ್ಮ ಹೈಕೋರ್ಟ್ ಅಧಿಕಾರಿಯ ಪರವಾಗಿ ಹೇಳಿತ್ತು. ಹಾಗೆಂದು ಈ ತೀರ್ಪನ್ನು ಹಿಡಿದು ಎರಡು ತಿಂಗಳ ಇಂಟರ್ನ್‌ನನ್ನು ಹೆದರಿಸುವವರಿಗೆ ಕೇಳಿ: ಅಲ್ಲಿದ್ದದ್ದು ಸರ್ಕಾರಿ ಬ್ಯಾಂಕು, ಹಿರಿಯ ಅಧಿಕಾರಿ, ಪೂರ್ತಿ ಸಂಬಳ. ಇಲ್ಲಿ ನನಗಾಗಿ ನೀವು ಮಾಡಿದ ಖರ್ಚೆಷ್ಟು? ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸ ಪರಿಹಾರವನ್ನು, ಪತ್ರದಲ್ಲಿ ಬರೆದ ಅಂಕಿಯನ್ನು ಕಣ್ಣುಮುಚ್ಚಿ ಅಲ್ಲ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಚೀಲಕ್ಕೆ ಹಾಕಿಕೊಂಡು ಬನ್ನಿ. ‘ಲಾಕರ್‌ನಲ್ಲಿ ಸೇಫಾಗಿರುತ್ತೆ’ ಎಂದವರಿಂದ ಅದನ್ನು ಬಿಡಿಸಿಕೊಳ್ಳಲು ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ ತಾಯಿಯೊಬ್ಬರ ಜೊತೆ ನಾನೇ ಹೋಗಿದ್ದೆ. ಮಗಳು ಬ್ಯಾಂಕ್ ಪರೀಕ್ಷೆ ಪಾಸಾಗಿದ್ದಳು, ದಾಖಲೆ ಪರಿಶೀಲನೆಗೆ ಮೂರು ದಿನ ಉಳಿದಿತ್ತು.

9. ‘ಐಸಿ ಯಾರು?’ ಎಂದು ಮೊದಲ ವಾರವೇ ಕೇಳಿ

ಇಂಟರ್ನ್‌ಗಳನ್ನು ಯಾವ ತಕರಾರೂ ಇಲ್ಲದೆ ಒಳಗೆ ಕರೆದುಕೊಳ್ಳುವ ಕಾಯ್ದೆ ಒಂದಿದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಅದರ ‘ನೌಕರ’ ಪದದೊಳಗೆ ಟ್ರೇನಿ ಇದ್ದಾರೆ, ಅಪ್ರೆಂಟಿಸ್ ಇದ್ದಾರೆ, ಸಂಬಳವಿಲ್ಲದೆ ಸ್ವಯಂಪ್ರೇರಣೆಯಿಂದ ಬಂದವರಿದ್ದಾರೆ, ಕೊನೆಗೆ ‘ಬೇರೆ ಯಾವುದೇ ಹೆಸರಿನಿಂದ ಕರೆದರೂ’ ಎಂಬ ಮಾತೂ ಇದೆ. ಉಳಿದ ಕಾಯ್ದೆ ಬರೆದವರೂ ಹೀಗೆ ಒಂದು ಸಾಲು ಸೇರಿಸಿದ್ದರೆ ಈ ಲೇಖನ ಅರ್ಧಕ್ಕೇ ಮುಗಿಯುತ್ತಿತ್ತು.

ಹತ್ತು ಅಥವಾ ಹೆಚ್ಚು ಜನರಿರುವಲ್ಲಿ ಆಂತರಿಕ ಸಮಿತಿ (ಐಸಿ) ಇರಲೇಬೇಕು, ಸದಸ್ಯರ ಹೆಸರು ಗೋಡೆಯ ಮೇಲೆ ಕಾಣಬೇಕು. ಸಮಿತಿ ಮಾಡದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ವಕೀಲರ ಚೇಂಬರ್, ಪುಟ್ಟ ಸ್ಟುಡಿಯೊ, ಸಿನಿಮಾ ತಂಡ ಎಲ್ಲ ಇದರಲ್ಲೇ ಬರುತ್ತವೆ. ಘಟನೆ ನಡೆದ ಮೂರು ತಿಂಗಳೊಳಗೆ ಬರೆದುಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ನಿಮ್ಮ ಇಂಟರ್ನ್‌ಶಿಪ್ಪೇ ಎರಡು ತಿಂಗಳದ್ದಾಗಿದ್ದು, ಮುಗಿಸಿ ಊರು ಸೇರಿದ್ದರೂ ಹಕ್ಕು ನಿಮ್ಮ ಹಿಂದೆಯೇ ಊರಿಗೆ ಬಂದಿರುತ್ತದೆ.

10. ಮೆಷಿನ್ ಮುಟ್ಟುವ ಮೊದಲು ಶೂ ನೋಡಿ

ಪೀಣ್ಯದ ಒಂದು ಶೆಡ್ಡು. ಡಿಪ್ಲೊಮಾ ಮುಗಿಸಿದ ಹುಡುಗ ಪ್ರೆಸ್ ಮೆಷಿನ್ ಮುಂದೆ ಹವಾಯಿ ಚಪ್ಪಲಿಯಲ್ಲಿ ನಿಂತಿದ್ದ. ಸೇಫ್ಟಿ ಶೂ ಎಲ್ಲಿ ಎಂದೆ. ‘ಪರ್ಮನೆಂಟ್‌ನವರಿಗೆ ಮಾತ್ರ ಸರ್’ ಎಂದ. ಇದು ಶುದ್ಧ ತಪ್ಪು. ಕಾರ್ಖಾನೆಯಲ್ಲಿ ಕಲಿಯುವ ಅಪ್ರೆಂಟಿಸ್‌ಗೆ ಕಾರ್ಮಿಕರಿಗಿರುವ ಆರೋಗ್ಯ, ಸುರಕ್ಷತೆಯ ರಕ್ಷಣೆಯೆಲ್ಲ ಅನ್ವಯಿಸುತ್ತದೆ ಎಂದು ಅಪ್ರೆಂಟಿಸ್ ಕಾಯ್ದೆಯ 14ನೇ ಕಲಂ ಹೇಳುತ್ತದೆ. ತರಬೇತಿಯಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕೆಂದು 16ನೇ ಕಲಂ ಹೇಳುತ್ತದೆ. ಮೆಷಿನ್ನಿಗೆ ಪರ್ಮನೆಂಟ್ ಬೆರಳು ಯಾವುದು, ಅಪ್ರೆಂಟಿಸ್ ಬೆರಳು ಯಾವುದು ಎಂದು ಗೊತ್ತಾಗುವುದಿಲ್ಲ. ಗಾಯವಾದ ದಿನವೇ ಆಸ್ಪತ್ರೆ ಚೀಟಿಯಲ್ಲಿ ‘ಕೆಲಸದ ಜಾಗದಲ್ಲಿ’ ಎಂದು ಬರೆಸಿ. ‘ಬೈಕಿಂದ ಬಿದ್ದೆ ಅನ್ನು’ ಎಂದು ಸೂಪರ್‌ವೈಸರ್ ಹೇಳಿಕೊಟ್ಟರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅದನ್ನು ಮರೆತುಬಿಡಿ.

11. ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ

ಈ ನಾಡಿನಲ್ಲಿ ಇಂಟರ್ನ್‌ಗಳಿಗೆ ಹೋರಾಟ ಕಲಿಸಿದವರು ಹೌಸ್ ಸರ್ಜನ್‌ಗಳು. ಎಂಬಿಬಿಎಸ್ ಮುಗಿಸಿ ಹನ್ನೆರಡು ತಿಂಗಳು ಕಡ್ಡಾಯವಾಗಿ ವಾರ್ಡಿನಿಂದ ವಾರ್ಡಿಗೆ ಓಡುವವರು. 2020ರಲ್ಲಿ ಕೋವಿಡ್ ನಡುವೆಯೇ, ತಿಂಗಳುಗಟ್ಟಲೆ ಬಾಕಿಯಿದ್ದ ಸ್ಟೈಪೆಂಡ್‌ಗಾಗಿ ದಾವಣಗೆರೆಯಲ್ಲಿ ಯುವ ವೈದ್ಯರು ಧರಣಿ ಕೂತರು. ಅದೇ ವರ್ಷ ರಾಜ್ಯ ಸರ್ಕಾರ ಹೌಸ್ ಸರ್ಜನ್‌ಗಳ ಸ್ಟೈಪೆಂಡನ್ನು 20,000ದಿಂದ 30,000 ರೂಪಾಯಿಗೆ ಏರಿಸಿತು. 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳಲ್ಲೂ ಇಂಟರ್ನ್‌ಗೆ ಸ್ಟೈಪೆಂಡ್ ಎಂಬುದು ಬರಹದಲ್ಲಿದೆ. 2023ರಲ್ಲಿ ದೆಹಲಿಯ ಸೇನಾ ವೈದ್ಯಕೀಯ ಕಾಲೇಜಿನ ಇಂಟರ್ನ್‌ಗಳಿಗೆ ತಿಂಗಳಿಗೆ 25,000 ಕೊಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ಕಾನೂನು ವಿದ್ಯಾರ್ಥಿಗಳ ಕಡೆ ನೋಡಿ: ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು ಎನ್ನುವ ಬಾರ್ ಕೌನ್ಸಿಲ್ ನಿಯಮ, ಅವರಿಗೆ ಇಷ್ಟು ಕೊಡಬೇಕೆಂದು ಹೇಳುವುದಿಲ್ಲ. ಇಡೀ ದೇಶದ ಹಕ್ಕಿಗೆ ವಾದಿಸುವವರ ಪಕ್ಕದಲ್ಲಿ ಫೈಲ್ ಹೊರುವ ಹುಡುಗಿ ತನ್ನ ಬಸ್ ಚಾರ್ಜು ತಾನೇ ಕೊಡುತ್ತಾಳೆ.

ಯಾರನ್ನು ಕೇಳಬೇಕು? ಮೊದಲು ಕಂಪನಿಯ ಎಚ್‌ಆರ್‌ಗೆ ಇಮೇಲ್. ಪಠ್ಯದ ಭಾಗವಾಗಿದ್ದರೆ ಅದರ ಪ್ರತಿ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೆ. ಅಪ್ರೆಂಟಿಸ್ ಆಗಿದ್ದರೆ ಪೋರ್ಟಲ್‌ನಲ್ಲಿ ದೂರು, ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಅರ್ಜಿ. ಉಳಿದವರು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ, ಬೆಂಗಳೂರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅವರ ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯೇ ಇಲ್ಲ.

12. ಕಲಿಯುವುದನ್ನು ಬಿಟ್ಟುಕೊಡಬೇಡಿ

ಇಷ್ಟೆಲ್ಲ ಓದಿ ಕೈಯಲ್ಲಿ ಕಾಯ್ದೆ ಪುಸ್ತಕ ಹಿಡಿದೇ ಆಫೀಸಿಗೆ ಹೋದೀರಿ ಮತ್ತೆ! ಹಕ್ಕು ಗೊತ್ತಿರುವವನು ನಿಶ್ಚಿಂತೆಯಿಂದ ಕೆಲಸ ಕಲಿಯುತ್ತಾನೆ, ಅಷ್ಟೇ ಅದರ ಉಪಯೋಗ. ಆಫೀಸಿನ ಅತಿ ಹಳೆಯ ಮನುಷ್ಯ ಯಾರೆಂದು ನೋಡಿ. ಅವರು ಮ್ಯಾನೇಜರ್ ಆಗಿರಬೇಕಿಲ್ಲ, ಸ್ಟೋರ್ ಕೀಪರ್ ಇರಬಹುದು, ಡೆಸ್ಕಿನ ಮೂಲೆಯ ಪ್ರೂಫ್ ರೀಡರ್ ಇರಬಹುದು. ನನಗೆ ‘ಆಗಿದೆ’ ಎಂದು ಬರೆಯುವ ಮುನ್ನ ಯಾರಿಂದ ಆಯಿತು ಎಂದು ಕೇಳುವುದನ್ನು ಕಲಿಸಿದವರು ಅಂಥ ಒಬ್ಬ ಪ್ರೂಫ್ ರೀಡರ್. ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳದಂತೆ ಬರೆದಿಟ್ಟುಕೊಳ್ಳಿ. ತಪ್ಪಾದಾಗ ನೀವೇ ಮೊದಲು ಹೇಳಿ.

ನೀವು ಬರೆದ ಕೋಡ್, ಮಾಡಿದ ವಿನ್ಯಾಸ, ತೆಗೆದ ಫೋಟೊ ನಿಮ್ಮದೇ ಎಂದುಕೊಂಡು ಮನೆಗೆ ಹೊತ್ತು ತರಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ, ಉದ್ಯೋಗದಲ್ಲಿ ಮಾತ್ರವಲ್ಲ, ಅಪ್ರೆಂಟಿಸ್‌ಶಿಪ್‌ನಲ್ಲಿ ಮಾಡಿದ ಕೃತಿಗೂ ಬೇರೆ ಒಪ್ಪಂದವಿಲ್ಲದಿದ್ದರೆ ಮಾಲೀಕನೇ ಒಡೆಯ ಅನ್ನುತ್ತದೆ. ಪೋರ್ಟ್‌ಫೋಲಿಯೊಗೆ ಬೇಕೆಂದರೆ ‘ಇವಿಷ್ಟನ್ನು ತೋರಿಸಬಹುದಾ’ ಎಂದು ಇಮೇಲಿನಲ್ಲಿ ಒಪ್ಪಿಗೆ ಪಡೆಯಿರಿ. ಹೆಚ್ಚಿನವರು ಹೂಂ ಅನ್ನುತ್ತಾರೆ.

13. ಕೊನೆಯ ದಿನ ಕೇಕ್ ತಿನ್ನುವ ಮೊದಲು

ಸರ್ಟಿಫಿಕೇಟ್ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಹೆಸರು ಮಾರ್ಕ್ಸ್ ಕಾರ್ಡಿನಲ್ಲಿರುವಂತೆ ಇದೆಯೇ, ತಾರೀಕು ಎರಡೂ ಇವೆಯೇ, ಕೆಲಸ ಏನೆಂದು ಬರೆದಿದೆಯೇ, ಸಹಿ ಹಾಕಿದವರ ಹೆಸರು, ಹುದ್ದೆ ಇದೆಯೇ. ಸ್ಟೈಪೆಂಡ್‌ನಲ್ಲಿ ಟಿಡಿಎಸ್ ಎಂದು ಕತ್ತರಿಸಿದ್ದರೆ ಆ ದುಡ್ಡು ನಿಮ್ಮ ಪ್ಯಾನ್ ನಂಬರಿಗೆ ಜಮೆಯಾಗಿದೆಯೇ ನೋಡಿ. ತೆರಿಗೆ ಮಿತಿಗಿಂತ ಕಡಿಮೆ ಆದಾಯವಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಮುಂದೆ ಕೆಲಸ ಕೊಡುತ್ತೇವೆ ಎಂದು ಬಾಯಲ್ಲಿ ಹೇಳಿದ್ದರೆ ಎಂದಿನಿಂದ, ಎಷ್ಟಕ್ಕೆ ಎಂದು ಬರೆಸಿಕೊಳ್ಳಿ. ಅಪ್ರೆಂಟಿಸ್ ಕಾಯ್ದೆಯ 22ನೇ ಕಲಂ ಪ್ರಕಾರ, ತರಬೇತಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ನೀತಿಯನ್ನು ಮಾಲೀಕರೇ ರೂಪಿಸಿಕೊಳ್ಳುತ್ತಾರೆ; ಒಪ್ಪಂದದಲ್ಲಿ ಷರತ್ತು ಬರೆದಿದ್ದರೆ ಕೆಲಸ ಕೊಡುವ ಹಂಗು ಅವರಿಗೆ, ಸೇರುವ ಹಂಗು ನಿಮಗೆ.

ನನಗೆ ಆ ವಾರಪತ್ರಿಕೆಯಿಂದ ದುಡ್ಡು ಬರಲಿಲ್ಲ, ಆರು ತಿಂಗಳ ನಂತರ ಒಂದು ಪ್ರಮಾಣಪತ್ರ ಬಂತು. ಅದರಲ್ಲಿ ನನ್ನ ಹೆಸರಿನ ಇನಿಷಿಯಲ್ ತಪ್ಪಾಗಿದೆ, ಇಸವಿಯ ಜಾಗ ಖಾಲಿ ಇದೆ. ಅಕ್ಕನ ಮಗನಿಗೆ ಅದನ್ನು ತೋರಿಸಿದೆ. ಅವನು 4,999 ಕಟ್ಟಲಿಲ್ಲ. ಮುಂದಿನ ವಾರ ರಾಜಾಜಿನಗರದ ಇನ್ನೊಂದು ಆಫೀಸಿಗೆ ಹೋಗಿ, ಬಾಗಿಲ ಹೊರಗಿನಿಂದ ನನಗೆ ಮೆಸೇಜ್ ಹಾಕಿದ: ‘ಕೇಳಿದೆ ಮಾಮ. 8,000 ಅಂತೆ. ಬರೆದುಕೊಡಿ ಅಂದೆ. ಪ್ರಿಂಟರ್ ಕೆಟ್ಟಿದೆ, ನಾಳೆ ಬಾ ಅಂದ್ರು.’

ನಾಳೆ ಪೆನ್ ಡ್ರೈವ್ ತೆಗೆದುಕೊಂಡು ಹೋಗು, ಎದುರಿಗೇ ಜೆರಾಕ್ಸ್ ಅಂಗಡಿ ಇದೆ ಎಂದು ಉತ್ತರ ಬರೆದೆ.